ಸೈಟಿನ ಯಂತ್ರಗಳಿಗೆ ಸಾಫ್ಟ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಗುತ್ತಿಗೆದಾರರು, ಯಂತ್ರ ಬಾಡಿಗೆಗೆ ಬಿಡುವವರು ಮತ್ತು ಅವರಿಗಾಗಿ ಪ್ರೋಗ್ರಾಂ ಬರೆಯುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇವೆ. ಕೆಳಗೆ ‘ಹಿಟಾಚಿ’ ಎಂದಿರುವ ಕಡೆ ಯಾವ ಕಂಪನಿಯದೇ ಆಗಲಿ ಚೈನಿನ ಎಕ್ಸ್‌ಕವೇಟರ್ ಎಂದೂ, ‘ಜೆಸಿಬಿ’ ಎಂದಿರುವ ಕಡೆ ಬ್ಯಾಕ್‌ಹೋ ಲೋಡರ್ ಎಂದೂ ಓದಿಕೊಳ್ಳಿ. ಸೈಟಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

## ಶುರು ಮಾಡುವವರಿಗೆ

ನಮ್ಮ ಹತ್ರ ಇರೋದೇ ನಾಲ್ಕು ಗಾಡಿ. ಅದಕ್ಕೂ ಸಾಫ್ಟ್‌ವೇರ್ ಬೇಕಾ?

ನಾಲ್ಕೂ ಒಂದೇ ಸೈಟಿನಲ್ಲಿದ್ದು ಮಾಲೀಕರು ದಿನಾ ಅಲ್ಲಿಗೆ ಹೋಗುತ್ತಿದ್ದರೆ ಬೇಡ. ಒಂದು ಎಕ್ಸೆಲ್ ಹಾಳೆ ಸಾಕು. ದಿನಾಂಕ, ಯಂತ್ರದ ಕೋಡ್, ಬೆಳಗಿನ ಮೀಟರ್, ಸಂಜೆಯ ಮೀಟರ್, ಹಾಕಿದ ಡೀಸೆಲ್, ಮಾಡಿದ ಕೆಲಸ: ಇಷ್ಟೇ ಆರು ಕಾಲಂ. ಮೂರು ತಿಂಗಳು ಈ ಆರನ್ನು ತಪ್ಪದೆ ತುಂಬಲು ಆಗದ ಕಡೆ ಎಂಥ ಸಾಫ್ಟ್‌ವೇರ್ ತಂದರೂ ಖಾಲಿಯೇ ಬಿದ್ದಿರುತ್ತದೆ.

ಒಂದು ಗಾಡಿ ಆಲೂರಿನಲ್ಲಿ, ಇನ್ನೊಂದು ಕೊಟ್ಟಿಗೆಹಾರದಲ್ಲಿ, ಮತ್ತೊಂದು ಕಡೂರಿನಲ್ಲಿ ಎಂದು ಹಂಚಿಹೋಗಿ, ಒಂದೇ ಹಾಳೆಯನ್ನು ಇಬ್ಬರು ಮೂವರು ತಿದ್ದತೊಡಗಿದಾಗ ಸಾಫ್ಟ್‌ವೇರ್ ಬೇಕಾಗುತ್ತದೆ. ಯಾವ ಸಂಖ್ಯೆಯನ್ನು ಯಾರು ಬದಲಾಯಿಸಿದರು ಎಂದು ಹೇಳಲು ಆಗ ಹಾಳೆಗೆ ಸಾಧ್ಯವಿಲ್ಲ.

ಮೊದಲು ಜಿಪಿಎಸ್ ಹಾಕಿಸೋದಾ, ಆ್ಯಪ್ ಮಾಡಿಸೋದಾ?

ಎರಡಕ್ಕೂ ಮೊದಲು ಅವರ್ ಮೀಟರ್ (ಗಾಡಿ ಓಡಿದ ಗಂಟೆ ಎಣಿಸುವ ಮೀಟರ್) ರೀಡಿಂಗ್ ನಂಬುವ ಹಾಗಿರಬೇಕು. ಬಾಡಿಗೆ ಬಿಲ್ಲು, ಡೀಸೆಲ್ ಸರಾಸರಿ, ಎಂಜಿನ್ ಆಯಿಲ್ ಬದಲಿಸುವ ದಿನ ಮೂರೂ ಆ ಒಂದು ಸಂಖ್ಯೆಯ ಮೇಲೆ ನಿಂತಿವೆ. ಜಿಪಿಎಸ್ ಹೇಳುವುದು ಗಾಡಿ ಎಲ್ಲಿದೆ ಎಂದು. ಹಿಟಾಚಿ ಇಡೀ ತಿಂಗಳು ಒಂದೇ ಗುಡ್ಡ ಕಡಿಯುತ್ತಿದ್ದರೆ ಆ ಮಾಹಿತಿಯಿಂದ ಬಿಲ್ಲಿಗೆ ಏನೂ ಸಿಗದು.

ಹಾಗಾಗಿ ಮೊದಲ ಆವೃತ್ತಿಗೆ ಒಂದೇ ಪರದೆ ಸಾಕು: ಯಂತ್ರ ಆರಿಸು, ಮೀಟರಿನ ಫೋಟೋ ತೆಗೆ, ಸಂಖ್ಯೆ ಹೊಡೆ, ಮುಗಿಯಿತು. ಅದರ ಹಿಂದೆ ಒಂದು ಪರೀಕ್ಷೆಯನ್ನು ಮಾತ್ರ ತಪ್ಪದೆ ಇಡಿ. ಗಡಿಯಾರ ಓಡಿದ್ದಕ್ಕಿಂತ ಮೀಟರ್ ಹೆಚ್ಚು ಓಡಲಾರದು. ನಿನ್ನೆ ಸಂಜೆ 6ಕ್ಕೆ 4212.6 ಇದ್ದದ್ದು ಇವತ್ತು ಸಂಜೆ 6ಕ್ಕೆ 4236.6 ದಾಟುವಂತಿಲ್ಲ, 4212.6ಕ್ಕಿಂತ ಕಡಿಮೆಯೂ ಆಗುವಂತಿಲ್ಲ. ಕೈತಪ್ಪಿ ಹೊಡೆದ ಅಂಕಿಗಳಲ್ಲಿ ಹೆಚ್ಚಿನವು ಈ ಒಂದೇ ಸಾಲಿನ ಪರೀಕ್ಷೆಗೆ ಸಿಕ್ಕಿಬೀಳುತ್ತವೆ.

ಲಾಗ್ ಬುಕ್‌ನಲ್ಲಿ 8.30 ಅಂತ ಇದೆ. ಹಾಗೇ ಹಾಕಿದ್ರೆ ಆಯ್ತಲ್ವಾ?

ಆಗಲಿಲ್ಲ. ಸೂಪರ್‌ವೈಸರ್ ಬರೆದ 8.30 ಎಂದರೆ ಎಂಟೂವರೆ ಗಂಟೆ. ಕಂಪ್ಯೂಟರಿಗೆ ಅದು 8 ಗಂಟೆ 18 ನಿಮಿಷ. ಅವರ್ ಮೀಟರಿನ ಕೊನೆಯ ಅಂಕಿಯೋ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಎರಡೂ ಚುಕ್ಕಿ ಒಂದೇ ಥರ ಕಾಣುವುದರಿಂದ ಗೊಂದಲ. 8.30ರಲ್ಲಿ ದಿನಕ್ಕೆ 12 ನಿಮಿಷ ಹೋಗುತ್ತದೆ. ಗಂಟೆಗೆ 1,000 ರೂಪಾಯಿ ದರವಿದ್ದರೆ ದಿನಕ್ಕೆ 200, ಇಪ್ಪತ್ತೈದು ದಿನಕ್ಕೆ 5,000 ರೂಪಾಯಿ.

ಗಂಟೆಗೊಂದು, ನಿಮಿಷಕ್ಕೊಂದು ಎಂದು ಎರಡು ಪ್ರತ್ಯೇಕ ಚೌಕ ಕೊಡಿ. ಮೀಟರ್ ರೀಡಿಂಗಿಗೆ ಬೇರೆಯೇ ಚೌಕ ಇರಲಿ. ಒಳಗೆ ಎಲ್ಲವನ್ನೂ ಪೂರ್ಣಾಂಕದ ನಿಮಿಷವಾಗಿ, ಹಣವನ್ನು ಪೂರ್ಣಾಂಕದ ಪೈಸೆಯಾಗಿ ಇಡಿ. ದಶಮಾಂಶ ತೋರಿಸುವುದು ಪರದೆಯ ಮೇಲೆ ಮಾತ್ರ.

ಆಪರೇಟರ್‌ಗಳು ಆ್ಯಪ್ ಮುಟ್ಟೋದೇ ಇಲ್ಲ. ಏನ್ ಮಾಡೋದು?

ಅವರು ಯಾಕೆ ಮುಟ್ಟುವುದಿಲ್ಲ ಎಂದು ಮೊದಲು ನೋಡಿ. ಕೈಯಲ್ಲಿ ಗ್ರೀಸ್, ಪರದೆಯ ಮೇಲೆ ಮಳೆಹನಿ, ಹತ್ತು ಚೌಕ ತುಂಬಬೇಕಾದ ಫಾರಂ, ಓದಲು ಬಾರದ ಭಾಷೆ. ನಮ್ಮ ಕಡೆಯ ಸೈಟುಗಳಲ್ಲಿ ಕನ್ನಡದವರ ಜೊತೆ ಬಿಹಾರ, ಜಾರ್ಖಂಡ್, ತಮಿಳುನಾಡಿನವರೂ ಇರುತ್ತಾರೆ. ಆದ್ದರಿಂದ ಗುಂಡಿ ಹೆಬ್ಬೆರಳಿನಷ್ಟು ದೊಡ್ಡದಿರಲಿ, ಪ್ರತಿ ಗುಂಡಿಗೂ ಚಿತ್ರವಿರಲಿ, ಒಂದು ಎಂಟ್ರಿ ನಾಲ್ಕು ಸ್ಪರ್ಶದೊಳಗೆ ಮುಗಿಯಲಿ. ತೊಂದರೆ ವಿವರಿಸಲು ಟೈಪ್ ಮಾಡಿಸಬೇಡಿ, ಇಪ್ಪತ್ತು ಸೆಕೆಂಡಿನ ಧ್ವನಿ ರೆಕಾರ್ಡ್ ಸಾಕು. ‘ಸ್ವಿಂಗ್ ಮಾಡಿದ್ರೆ ಕಿರ್ ಅಂತದೆ’ ಎಂಬ ಮಾತನ್ನು ಮೆಕ್ಯಾನಿಕ್ ಆಪರೇಟರನ ದನಿಯಲ್ಲೇ ಕೇಳುವುದು, ಆ ಸದ್ದೂ ಜೊತೆಗೆ ಕೇಳಿಸುವುದು, ಯಾವ ಫಾರಂಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಂತ್ರ ಗುರುತಿಸಲು ಕ್ಯೂಆರ್ ಕೋಡ್ ಅಂಟಿಸುವುದಾದರೆ ಕ್ಯಾಬಿನ್ ಒಳಗೆ, ಸೀಟಿನ ಪಕ್ಕದ ಗಾಜಿನ ಕೆಳಗೆ ಅಂಟಿಸಿ. ಹೊರಗೆ ಅಂಟಿಸಿದ ಕಾಗದದ ಸ್ಟಿಕರ್ ಒಂದು ಪುಷ್ಯ ಮಳೆಗೂ ಉಳಿಯುವುದಿಲ್ಲ. ಬಾಡಿಗೆಗೆ ಓಡಾಡುವ ಗಾಡಿಗೆ ಕೊರೆದ ಲೋಹದ ಫಲಕವೇ ವಾಸಿ.

ಇನ್ನೊಂದು ಮುಖ್ಯ ಮಾತು. ತಾನು ಹೊಡೆದ ಗಂಟೆಯ ತಿಂಗಳ ಒಟ್ಟು ಆಪರೇಟರ್‌ಗೆ ಅದೇ ಆ್ಯಪಿನಲ್ಲಿ ಕಾಣಬೇಕು. ಓಟಿ, ಬಾಟಾ ಲೆಕ್ಕ ತನ್ನ ಕೈಯಲ್ಲೇ ಇದೆ ಎಂದಾದರೆ ಹೇಳಿಸಿಕೊಳ್ಳದೆ ತುಂಬುತ್ತಾನೆ.

ಆ್ಯಪ್ ಕನ್ನಡದಲ್ಲಿ ಮಾಡೋಕೆ ಏನಾದ್ರೂ ತೊಂದ್ರೆ ಇದ್ಯಾ?

ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡ ಪದ ಹಿಡಿಸುವುದಿಲ್ಲ. ಸಾಲಿನ ಎತ್ತರ ಕಡಿಮೆಯಾದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ ಒಂದೂವರೆಪಟ್ಟು ಸಾಲಿನ ಎತ್ತರ ಕೊಟ್ಟು, ಅಗಲವನ್ನು ಪದಕ್ಕೆ ತಕ್ಕಂತೆ ಹಿಗ್ಗಲು ಬಿಡಿ. ಕಚೇರಿಯ ಹಳೆಯ ಕಡತ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಅಂಕಿಗಳನ್ನು 0–9ರಲ್ಲೇ ಇಡಿ, ಏಕೆಂದರೆ ಮೀಟರ್ ಮೇಲಿರುವುದೂ ಅದೇ. ಯಂತ್ರವನ್ನು ಹೆಸರಿನಿಂದ ಹುಡುಕಿಸಬೇಡಿ. ‘ಹಿಟಾಚಿ’, ‘ಹಿಟ್ಯಾಚಿ’, ‘ಇಟಾಚಿ’ ಮೂರನ್ನೂ ಬರೆಯುವವರಿದ್ದಾರೆ. ‘ಎಚ್ 07’ ಎಂಬಂಥ ಗಿಡ್ಡ ಕೋಡ್ ಬೂಮಿನ ಮೇಲೆ ಪೇಂಟ್‌ನಲ್ಲಿ ದೊಡ್ಡದಾಗಿ ಬರೆದಿದ್ದರೆ ಸಾಕು.

ಟ್ರೈಲರ್‌ನಲ್ಲಿ ಗಾಡಿ ಕಳಿಸುವಾಗ ಇ-ವೇ ಬಿಲ್ ಅವಧಿ ಮುಗಿದುಹೋಗುತ್ತೆ. ಆ್ಯಪ್ ಏನಾದ್ರೂ ಮಾಡಬಹುದಾ?

ಮಾಡಬಹುದು. ಇ-ವೇ ಬಿಲ್ ಎಂದರೆ ಸರಕು ಸಾಗಣೆಯ ಜಿಎಸ್‌ಟಿ ದಾಖಲೆ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ, ಅಳತೆ ಮೀರಿದ ಸರಕಿಗೆ 20 ಕಿ.ಮೀ.ಗೆ ಒಂದು ದಿನ ಅವಧಿ. 20 ಟನ್ನಿನ ಹಿಟಾಚಿಯ ಅಗಲವೇ ಸುಮಾರು 2.8 ಮೀಟರ್. ಸಾಮಾನ್ಯ ವಾಹನಕ್ಕಿರುವ 2.6 ಮೀಟರ್ ಮಿತಿಯನ್ನು ಅದು ದಾಟುತ್ತದೆ. ಆ ಲೆಕ್ಕದಲ್ಲಿ ಹಾಸನದಿಂದ ಚಿಕ್ಕಮಗಳೂರಿನ ಅರವತ್ತು ಚಿಲ್ಲರೆ ಕಿ.ಮೀ.ಗೆ ನಾಲ್ಕು ದಿನದ ಬಿಲ್ಲು ಬರಬೇಕು. ಸಾಮಾನ್ಯ ಸರಕು ಎಂದು ಆರಿಸಿದರೆ ಒಂದೇ ದಿನದ್ದು ಬರುತ್ತದೆ. ಯಂತ್ರದ ದಾಖಲೆಯಲ್ಲಿ ಅಗಲ, ಎತ್ತರ, ತೂಕ ಇದ್ದರೆ ಸಾಗಣೆ ಚೀಟಿ ತೆಗೆಯುವಾಗ ಆ್ಯಪ್ ತಾನೇ ನೆನಪಿಸುತ್ತದೆ. ಆರ್‌ಸಿ, ವಿಮೆ, ಫಿಟ್‌ನೆಸ್ ಮುಗಿಯುವ ದಿನಗಳನ್ನೂ ಅಲ್ಲೇ ಇಟ್ಟು 30, 15, 7 ದಿನ ಮುಂಚೆ ಸೂಚನೆ ಕೊಡಿಸಿ.

## ದಿನನಿತ್ಯದ ಲೆಕ್ಕ

ಚಾರ್ಮಾಡಿ, ಶಿರಾಡಿ ಕಡೆ ನೆಟ್‌ವರ್ಕೇ ಇರಲ್ಲ. ಹೊಡೆದ ಎಂಟ್ರಿ ಎಲ್ಲಿಗೆ ಹೋಗುತ್ತೆ?

ಫೋನಿನಲ್ಲೇ ಇರಬೇಕು, ಸಿಗ್ನಲ್ ಸಿಕ್ಕಾಗ ಹೋಗಬೇಕು. ಆ್ಯಪನ್ನು ‘ನೆಟ್ ಇದ್ದರೆ ಕೆಲಸ, ಇಲ್ಲದಿದ್ದರೆ ದೋಷ’ ಎಂದು ಕಟ್ಟಿ ಆಮೇಲೆ ಆಫ್‌ಲೈನ್ ಸೇರಿಸುತ್ತೇವೆ ಎಂದರೆ ಅರ್ಧ ಬರೆದದ್ದನ್ನು ಕೆಡವಬೇಕಾಗುತ್ತದೆ. ಮೊದಲ ದಿನದಿಂದಲೇ ಎಲ್ಲ ಎಂಟ್ರಿಯೂ ಫೋನಿನೊಳಗಿನ ಪುಟ್ಟ ಡೇಟಾಬೇಸಾದ ಎಸ್‌ಕ್ಯೂಲೈಟ್‌ಗೆ ಬರೆಯಲಿ. ಕಳಿಸುವುದು ಹಿಂದೆ ಪ್ರತ್ಯೇಕವಾಗಿ ನಡೆಯಲಿ.

ಇಲ್ಲಿ ಕೆಡುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಎರಡೆರಡು ಎಂಟ್ರಿ. ಫೋನ್ ಕಳಿಸಿತು, ಸರ್ವರ್ ಬರೆದುಕೊಂಡಿತು, ಉತ್ತರ ಬರುವಷ್ಟರಲ್ಲಿ ತಿರುವಿನಲ್ಲಿ ಸಿಗ್ನಲ್ ಹೋಯಿತು, ಫೋನ್ ಮತ್ತೆ ಕಳಿಸಿತು. ಎಂಟ್ರಿ ಹುಟ್ಟಿದಾಗಲೇ ಫೋನಿನಲ್ಲಿ ಅದಕ್ಕೊಂದು ಯುಯುಐಡಿ (ಬೇರಾವುದಕ್ಕೂ ಬಾರದ ಗುರುತು ಸಂಖ್ಯೆ) ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ‘ಸಿಕ್ಕಿದೆ’ ಎಂದಷ್ಟೇ ಹೇಳುವಂತೆ ಮಾಡಿ. ಎರಡನೆಯದು ಸಮಯ. ಘಟನೆ ನಡೆದ ಹೊತ್ತು ಮತ್ತು ಸರ್ವರಿಗೆ ತಲುಪಿದ ಹೊತ್ತು ಎರಡನ್ನೂ ಇಡಿ. ಮಂಗಳವಾರದ ಎಂಟ್ರಿ ಗುರುವಾರ ಕೊಟ್ಟಿಗೆಹಾರಕ್ಕೆ ಬಂದಾಗ ತಲುಪಿದರೂ ಮಂಗಳವಾರದ ಲೆಕ್ಕಕ್ಕೇ ಸೇರಬೇಕು. ಫೋನಿನ ಗಡಿಯಾರವೇ ತಪ್ಪಿರಬಹುದು, ಆದ್ದರಿಂದ ತಲುಪಿದಾಗ ಫೋನಿಗೂ ಸರ್ವರಿಗೂ ಇರುವ ವ್ಯತ್ಯಾಸವನ್ನೂ ಬರೆದುಕೊಳ್ಳಿ. ಮೂರನೆಯದು ಫೋಟೋ. ನಾಲ್ಕು ಎಂಬಿ ಫೋಟೋ ಕಳಿಸುವ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಅದರ ಹಿಂದಿನ ಐವತ್ತು ಎಂಟ್ರಿಯೂ ನಿಲ್ಲುತ್ತದೆ. ಸಂಖ್ಯೆ ಮೊದಲು ಹೋಗಲಿ. ಫೋಟೋವನ್ನು 150 ಕೆಬಿಗೆ ಇಳಿಸಿ ಬೇರೆ ಸಾಲಿನಲ್ಲಿ ಕಳಿಸಿ.

ಕಳಿಸದೆ ಉಳಿದಿರುವ ಎಂಟ್ರಿಗಳ ಸಂಖ್ಯೆ ಪರದೆಯ ಮೇಲೆ ಕಾಣುತ್ತಲೇ ಇರಲಿ. ‘7 ಬಾಕಿ’ ಎಂದು ಕಂಡರೆ ಸೂಪರ್‌ವೈಸರ್ ಊಟಕ್ಕೆ ಹೋದಾಗ ಸಿಗ್ನಲ್ ಇರುವ ಕಡೆ ಎರಡು ನಿಮಿಷ ನಿಲ್ಲುತ್ತಾರೆ.

ಯಂತ್ರದ ಟೇಬಲ್‌ನಲ್ಲಿ ‘ಈಗಿನ ಸೈಟ್’ ಅಂತ ಒಂದು ಕಾಲಂ ಇಟ್ರೆ ಸಾಲ್ದಾ?

ಸಾಲದು. ಗಾಡಿ 14ನೇ ತಾರೀಕು ಮಧ್ಯಾಹ್ನ ಬೇಲೂರಿನಿಂದ ಮೂಡಿಗೆರೆಗೆ ಹೋಯಿತು ಎಂದುಕೊಳ್ಳಿ. ಕಾಲಂ ತಿದ್ದಿದ ಕ್ಷಣವೇ ಹಿಂದಿನ ಹದಿಮೂರೂವರೆ ದಿನದ ಖರ್ಚೂ ಮೂಡಿಗೆರೆಯ ತಲೆಗೆ ಬೀಳುತ್ತದೆ. ನೇಮಕವನ್ನು ಕಾಲಾವಧಿಯಾಗಿ ಬರೆಯಿರಿ: ಯಂತ್ರ, ಸೈಟು, ಯಾವಾಗಿನಿಂದ, ಯಾವಾಗಿನವರೆಗೆ. ಶುರುವಿನ ಕ್ಷಣ ಸೇರಿದ್ದು, ಮುಗಿಯುವ ಕ್ಷಣ ಸೇರದ್ದು. ಒಂದು ಯಂತ್ರದ ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ಡೇಟಾಬೇಸೇ ತಡೆಯಲಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಇದಕ್ಕೆ ಎಕ್ಸ್‌ಕ್ಲೂಷನ್ ನಿರ್ಬಂಧ ಇದೆ. ಆಪರೇಟರ್, ಬಂಡೆ ಒಡೆಯುವ ಬ್ರೇಕರ್, ಬಾಡಿಗೆ ದರ, ಇವೂ ಹೀಗೇ.

ಬ್ರೇಕರನ್ನು ಯಂತ್ರದ ಭಾಗ ಎಂದು ಬರೆಯಬೇಡಿ. ಇವತ್ತು ಒಂದು ಹಿಟಾಚಿಗೆ, ನಾಳೆ ಇನ್ನೊಂದಕ್ಕೆ ಹೋಗುವ ವಸ್ತು ಅದು. ಅದಕ್ಕೂ ತನ್ನದೇ ಕೋಡ್, ತನ್ನದೇ ಗಂಟೆ ಲೆಕ್ಕ ಇರಲಿ.

ರಾತ್ರಿ ಪಾಳಿ ಯಾವ ದಿನಕ್ಕೆ ಸೇರುತ್ತೆ?

ಶುರುವಾದ ದಿನಕ್ಕೆ. ಸಂಜೆ 8ರಿಂದ ಬೆಳಗಿನ 6ರ ಪಾಳಿಗೆ ‘ಪಾಳಿ ದಿನಾಂಕ’ ಎಂದು ಪ್ರತ್ಯೇಕ ಕಾಲಂ ಇಡಿ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರಲಿ, ತೋರಿಸುವಾಗ ಐದೂವರೆ ಗಂಟೆ ಸೇರಿಸಿ. ದಿನದ ಒಟ್ಟನ್ನು ಯುಟಿಸಿ ದಿನಾಂಕದಿಂದ ತೆಗೆದರೆ ಬೆಳಗಿನ ಐದೂವರೆಗೆ ಮುಂಚಿನ ಕೆಲಸವೆಲ್ಲ ಹಿಂದಿನ ದಿನಕ್ಕೆ ಜಾರುತ್ತದೆ.

ಮೀಟರ್ ಕೆಟ್ಟು ಹೊಸದು ಹಾಕಿಸಿದ್ವಿ, ಸೊನ್ನೆಯಿಂದ ಶುರು ಆಗಿದೆ. ಹಳೇ ಸಂಖ್ಯೆ ತಿದ್ದಿಬಿಡೋಣ್ವಾ?

ತಿದ್ದಬೇಡಿ. ಬರೆದದ್ದನ್ನು ಅಳಿಸುವ ದಾರಿಯೇ ಇರಬಾರದು. ಮೀಟರನ್ನು ಯಂತ್ರದಿಂದ ಬೇರೆ ವಸ್ತುವಾಗಿ ನೋಡಿ. ಹಳೆ ಮೀಟರ್ 6,840.2ಕ್ಕೆ ನಿಂತಿತು, ಹೊಸದು 0.0ಯಿಂದ ಶುರುವಾಯಿತು, ಅದರ ಕೂಡುಸಂಖ್ಯೆ 6,840.2. ಪರದೆಯಲ್ಲಿ ಎರಡೂ ಕಾಣಲಿ, ಮೀಟರ್ ಮೇಲಿನದ್ದು ಮತ್ತು ಯಂತ್ರದ ಒಟ್ಟು ಆಯುಸ್ಸು. ನಡುವೆ ಮೀಟರ್ ಕೆಟ್ಟಿದ್ದ ದಿನಗಳಿಗೆ ಅಂದಾಜು ಗಂಟೆ ಹಾಕಿ, ‘ಅಂದಾಜು’ ಎಂಬ ಗುರುತು ಹಚ್ಚಿ.

ಎಲ್ಲ ಮೀಟರೂ ಒಂದೇ ಥರ ಎಣಿಸುವುದಿಲ್ಲ ಎಂಬುದೂ ನೆನಪಿರಲಿ. ಕೆಲವು ಕೀ ಆನ್ ಇದ್ದರೆ ಸಾಕು ಓಡುತ್ತವೆ, ಕೆಲವು ಆಲ್ಟರ್ನೇಟರ್ ಚಾರ್ಜ್ ಮಾಡಿದಾಗ ಮಾತ್ರ. ಮೊದಲ ಥರದ ಗಾಡಿಯಲ್ಲಿ ಆಪರೇಟರ್ ಕೀ ಆನ್ ಇಟ್ಟು ಹಾಡು ಕೇಳಿದರೂ ಬಾಡಿಗೆ ಗಂಟೆ ಏರುತ್ತದೆ. ಯಾವ ಗಾಡಿಯದ್ದು ಯಾವ ಥರ ಎಂದು ದಾಖಲಿಸಿ.

ಬಾಡಿಗೆ ಲೆಕ್ಕದಲ್ಲಿ ಪ್ರತಿ ತಿಂಗಳೂ ಜಗಳ. ಸಾಫ್ಟ್‌ವೇರ್‌ನಿಂದ ನಿಲ್ಲುತ್ತಾ?

ಜಗಳದ ಮೂಲ ಸಾಮಾನ್ಯವಾಗಿ ಓಡಿದ ಗಂಟೆಯಲ್ಲಿರುವುದಿಲ್ಲ, ನಿಂತ ಗಂಟೆಯಲ್ಲಿರುತ್ತದೆ. ಬಕೆಟ್‌ಗೊಂದು ದರ, ಬ್ರೇಕರ್‌ಗೊಂದು ದರ, ತಿಂಗಳಿಗೆ ಇಷ್ಟು ಗಂಟೆ ಕನಿಷ್ಠ, ಡೀಸೆಲ್ ಯಾರದ್ದು ಎಂಬುದು ಒಪ್ಪಂದದಲ್ಲೇ ಇರುತ್ತದೆ. ಅವನ್ನು ಕೋಡಿನಲ್ಲಿ ಬರೆಯದೆ ಒಪ್ಪಂದದ ದಾಖಲೆಯಲ್ಲಿ, ಜಾರಿ ದಿನಾಂಕದೊಂದಿಗೆ ಇಡಿ. ನಿಂತದ್ದಕ್ಕೆ ಮಾತ್ರ ಅದೇ ದಿನ ಕಾರಣ ಬರೆಸಿ: ಗಾಡಿ ಕೆಟ್ಟಿದೆ, ಡೀಸೆಲ್ ಬಂದಿಲ್ಲ, ಟಿಪ್ಪರ್ ಇಲ್ಲ, ಜಾಗ ತೆರವಾಗಿಲ್ಲ, ಮಳೆ. ಗಾಡಿ ಕೆಟ್ಟರೆ ಕನಿಷ್ಠ ಗಂಟೆಯಿಂದ ಕಳೆಯುತ್ತದೆ, ಬಾಡಿಗೆಗೆ ಪಡೆದವರು ಕೊಡಬೇಕಾದ ಡೀಸೆಲ್ ಬಾರದಿದ್ದರೆ ಕಳೆಯುವುದಿಲ್ಲ. ತಿಂಗಳ ಕೊನೆಯಲ್ಲಿ ನೆನಪಿನಿಂದ ಇದನ್ನು ತೀರ್ಮಾನಿಸಲು ಹೋದರೆ ಇಬ್ಬರದೂ ಬೇರೆ ಬೇರೆ ನೆನಪು.

ಮಲೆನಾಡಿನಲ್ಲಿ ‘ಮಳೆ’ ಎಂಬ ಕಾರಣಕ್ಕೆ ದೊಡ್ಡ ಬೆಲೆಯಿದೆ. ಕಾಮಗಾರಿ ಅವಧಿ ವಿಸ್ತರಣೆ ಕೇಳುವಾಗ ಮಳೆಯಿಂದ ನಿಂತ ದಿನಗಳ ಪಟ್ಟಿ ಬೇಕಾಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ನಿಮ್ಮ ಎಂಟ್ರಿಯ ಪಕ್ಕದಲ್ಲಿ ಹತ್ತಿರದ ಮಾಪಕದ ಅಂಕಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ದಿನದ ಚೀಟಿಗೆ ಎರಡೂ ಕಡೆಯವರು ಅದೇ ದಿನ ಒಪ್ಪಿಗೆ ಒತ್ತಲಿ. ಆಮೇಲೆ ತಪ್ಪು ಕಂಡರೆ ತಿದ್ದುವುದಲ್ಲ, ‘ತಿದ್ದುಪಡಿ’ ಎಂಬ ಹೊಸ ಎಂಟ್ರಿ ಸೇರಿಸಬೇಕು, ಯಾರು, ಯಾವಾಗ, ಯಾಕೆ ಎಂಬುದರ ಸಮೇತ.

ಸರ್ವಿಸ್ 500ಕ್ಕೆ ಬರಬೇಕಿತ್ತು, 540ಕ್ಕೆ ಮಾಡಿಸಿದ್ವಿ. ಮುಂದಿನದು ಯಾವಾಗ?

ಮಾಡಿಸಿದಲ್ಲಿಂದ ಎಣಿಸಿ. ಆಯಿಲ್ ಹಳೆಯದಾಗುವುದು ತುಂಬಿದ ಗಳಿಗೆಯಿಂದ, ಕ್ಯಾಲೆಂಡರಿನ ಗೆರೆಯಿಂದಲ್ಲ. 250 ಗಂಟೆಯ ಆಯಿಲ್ ಆದರೆ ಮುಂದಿನದು 790. ಆದರೆ ಹೀಗೆ ಜಾರಿದಾಗ 250, 500, 1000, 2000ರ ಸರ್ವಿಸ್‌ಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ. ಅದಕ್ಕೇ ‘500ರ ಸರ್ವಿಸ್’ ಎಂಬ ಒಂದೇ ಕೆಲಸವಾಗಿ ಇಡುವುದು ತಪ್ಪು. ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್, ಹೈಡ್ರಾಲಿಕ್ ರಿಟರ್ನ್ ಫಿಲ್ಟರ್, ಹೈಡ್ರಾಲಿಕ್ ಆಯಿಲ್ ಪ್ರತಿಯೊಂದಕ್ಕೂ ತನ್ನದೇ ಎಣಿಕೆ ಇರಲಿ. ಹತ್ತಿರ ಹತ್ತಿರ ಬಂದವನ್ನು ಒಟ್ಟಿಗೆ ಮಾಡಿಸಿ ಎಂದು ಪರದೆ ಸೂಚಿಸಲಿ.

ಗಂಟೆಯೋ ತಿಂಗಳೋ ಯಾವುದು ಮೊದಲೋ ಅದು ಎಂಬ ನಿಯಮ ಎಲ್ಲದಕ್ಕೂ ಬೇಕು. ಮಳೆಗಾಲದಲ್ಲಿ ನಿಂತ ಗಾಡಿಯ ಮೀಟರ್ ಓಡದಿದ್ದರೂ ಟ್ಯಾಂಕಿನೊಳಗೆ ತೇವ ಕಟ್ಟುತ್ತದೆ, ನೀರು ಬೇರ್ಪಡಿಸುವ ಫಿಲ್ಟರ್ ತುಂಬುತ್ತದೆ. ಬ್ರೇಕರ್ ಗಂಟೆಯನ್ನೂ ಬೇರೆ ಎಣಿಸಿ. ಬಂಡೆ ಒಡೆಯುವ ಗಾಡಿಗೆ ಹೈಡ್ರಾಲಿಕ್ ಆಯಿಲ್, ಫಿಲ್ಟರ್ ಅವಧಿ ಬಹಳ ಕಡಿಮೆಯಾಗುತ್ತದೆ, ಎಷ್ಟೆಂಬ ಕೋಷ್ಟಕ ಆ ಯಂತ್ರದ ಕೈಪಿಡಿಯಲ್ಲೇ ಇರುತ್ತದೆ. ಉಳಿ ಕೂರುವ ಜಾಗಕ್ಕೆ ಸುಮಾರು ಎರಡು ಗಂಟೆಗೊಮ್ಮೆ ಗ್ರೀಸ್ ಬೇಕು. ಅದನ್ನು ನೋಟಿಫಿಕೇಷನ್ ಮಾಡಿದರೆ ಕಿರಿಕಿರಿಯಾಗಿ ಎಲ್ಲ ಸೂಚನೆಯನ್ನೂ ಆಫ್ ಮಾಡುತ್ತಾರೆ. ಕ್ಯಾಬಿನ್‌ನಲ್ಲಿ ಬರೆದು ಅಂಟಿಸಿ.

## ಸಾಧನ ಮತ್ತು ಸೆನ್ಸರ್

ಡೀಸೆಲ್ ಸೆನ್ಸರ್ ಹಾಕಿಸಿದ್ವಿ. ದಿನಾ ‘ಕಳ್ಳತನ’ ಅಂತ ಮೆಸೇಜ್ ಬರುತ್ತೆ, ಟ್ಯಾಂಕ್ ನೋಡಿದ್ರೆ ಸರಿಯಾಗೇ ಇದೆ. ಯಾಕೆ?

ಗಾಡಿ ಇಳಿಜಾರಿನಲ್ಲಿ ನಿಂತಿದೆ. ಒಂದು ಮೀಟರ್ ಉದ್ದ, 80 ಸೆಂ.ಮೀ. ಎತ್ತರದ 340 ಲೀಟರ್ ಟ್ಯಾಂಕ್ ಎಂದುಕೊಳ್ಳಿ. ಸೆನ್ಸರ್ ಒಂದು ತುದಿಯಲ್ಲಿದ್ದು ಗಾಡಿ ಆ ದಿಕ್ಕಿಗೋ ಎದುರು ದಿಕ್ಕಿಗೋ 10 ಡಿಗ್ರಿ ವಾಲಿದರೆ ಅಲ್ಲಿನ ಮಟ್ಟ ಸುಮಾರು 8.8 ಸೆಂ.ಮೀ. ಬದಲಾಗುತ್ತದೆ. ಅಂದರೆ ಒಂದು ತೊಟ್ಟೂ ಹೋಗದೆ 37 ಲೀಟರ್ ಹೆಚ್ಚೋ ಕಡಿಮೆಯೋ ಕಾಣುತ್ತದೆ. ಶಿರಾಡಿ ಘಾಟಿಯ ದೋಣಿಗಾಲ್‌ನಿಂದ ಮಾರನಹಳ್ಳಿವರೆಗಿನ ಕೆಲಸದಲ್ಲಿ ಸಮತಟ್ಟು ಜಾಗ ಹುಡುಕಿ ಗಾಡಿ ನಿಲ್ಲಿಸುವುದೇ ಕಷ್ಟ. ಒಬ್ಬ ಆಪರೇಟರ್ ಮೇಲೆ ಸುಳ್ಳು ಕಳ್ಳತನದ ಆರೋಪ ಬಂದರೆ ಅವನು ಆ ವ್ಯವಸ್ಥೆಯನ್ನು ಮತ್ತೆಂದೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮಾಡಬೇಕಾದದ್ದು ಹೀಗಿದೆ. ಸೆನ್ಸರನ್ನು ಟ್ಯಾಂಕಿನ ನಟ್ಟನಡುವೆ ಹಾಕಿಸಿ. ಆಯತಾಕಾರದ ಟ್ಯಾಂಕಾದರೆ ವಾಲಿಕೆಯ ದೋಷ ಬಹುಪಾಲು ಅಲ್ಲೇ ರದ್ದಾಗುತ್ತದೆ. ಖಾಲಿ ಟ್ಯಾಂಕಿಗೆ 20 ಲೀಟರಿನಂತೆ ಹಾಕುತ್ತಾ ಪ್ರತಿ ಹಂತದ ವೋಲ್ಟೇಜ್ ಬರೆದು ಕೋಷ್ಟಕ ಮಾಡಿ. ಮೂಲೆ ಮಡಿಚಿದ ಟ್ಯಾಂಕುಗಳಲ್ಲಿ ನೇರ ಗೆರೆಯ ಲೆಕ್ಕ ತಪ್ಪುತ್ತದೆ. ಎಂಜಿನ್ ಓಡುವಾಗಿನ ಕುಲುಕಾಟದ ಅಂಕಿಗಳನ್ನು ಎಚ್ಚರಿಕೆಗೆ ಬಳಸಬೇಡಿ. ಎಂಜಿನ್ ನಿಂತು ಐದು ನಿಮಿಷದ ನಂತರದ ಸರಾಸರಿಯನ್ನೂ ಮತ್ತೆ ಶುರುವಾಗುವ ಮುಂಚಿನ ಸರಾಸರಿಯನ್ನೂ ಹೋಲಿಸಿ, ಸಾಧನದ ವಾಲಿಕೆ ಅಷ್ಟೇ ಇದ್ದರೆ ಮಾತ್ರ. ಚಳಿಯ ಲೆಕ್ಕವೂ ಇದೆ: 300 ಲೀಟರ್ ಡೀಸೆಲ್ ಸಂಜೆಯಿಂದ ಬೆಳಗಿನೊಳಗೆ 12 ಡಿಗ್ರಿ ತಣಿದರೆ ಸುಮಾರು 3 ಲೀಟರ್ ಕುಗ್ಗುತ್ತದೆ. ಹತ್ತು ಲೀಟರಿಗಿಂತ ಕಡಿಮೆ ಇಳಿಕೆಗೆ ಗಂಟೆ ಬಾರಿಸಬೇಡಿ.

ಸೆನ್ಸರ್ ಇಲ್ಲದೆಯೂ ಒಳ್ಳೆಯ ಲೆಕ್ಕ ಸಿಗುತ್ತದೆ. ಡೀಸೆಲ್ ತುಂಬುವ ಗಾಡಿಯ (ಬೌಸರ್) ಫ್ಲೋ ಮೀಟರ್ ಅಂಕಿ, ಆ ಹೊತ್ತಿನ ಅವರ್ ಮೀಟರ್, ಪ್ರತಿ ಸಲವೂ ಟ್ಯಾಂಕ್ ಫುಲ್. ಎರಡು ಫುಲ್‌ಗಳ ನಡುವಿನ ಲೀಟರನ್ನು ಗಂಟೆಯಿಂದ ಭಾಗಿಸಿ. ಒಂದು ದಿನದ ಅಂಕಿ ಏರಿಳಿಯಬಹುದು, ಹತ್ತು ದಿನದ್ದು ಸುಳ್ಳು ಹೇಳುವುದಿಲ್ಲ.

ಮಳೆಗಾಲ ಮುಗಿಸಿ ಗಾಡಿ ಸ್ಟಾರ್ಟ್ ಮಾಡಿದ್ರೆ ಬ್ಯಾಟರಿ ಡೆಡ್. ಟ್ರ್ಯಾಕರ್‌ದೇ ಕೆಲಸನಾ?

ಇರಬಹುದು. 30 ಮಿಲಿಆಂಪಿಯರ್ ಎಳೆಯುವ ಟ್ರ್ಯಾಕರ್ ದಿನಕ್ಕೆ 0.72 ಆಂಪಿಯರ್-ಗಂಟೆ ತಿನ್ನುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿ ಎಪ್ಪತ್ತು ದಿನದೊಳಗೆ ಅರ್ಧವಾಗುತ್ತದೆ. ಜೂನ್ ಮೊದಲಿಗೆ ನಿಲ್ಲಿಸಿದ ಗಾಡಿಯ ಕಥೆ ಆಗಸ್ಟ್ ಹೊತ್ತಿಗೆ ಅಷ್ಟೇ. ಎಂಜಿನ್ ನಿಂತ ಮೇಲೆ ಸಾಧನ ನಿದ್ರೆಗೆ ಹೋಗಿ, ಆರು ಗಂಟೆಗೊಮ್ಮೆ ಎದ್ದು ಒಂದು ಸಂದೇಶ ಕಳಿಸಿ ಮಲಗುವಂತೆ ಹೊಂದಿಸಿ. ಬ್ಯಾಟರಿ ವೋಲ್ಟೇಜ್ ಮಿತಿಗಿಂತ ಇಳಿದರೆ ಪೂರ್ತಿ ಆರಿಕೊಳ್ಳಲಿ. ಹಿಟಾಚಿ 24 ವೋಲ್ಟ್, ಜೆಸಿಬಿ ಸಾಮಾನ್ಯವಾಗಿ 12. ಮಿತಿಯನ್ನು ಗಾಡಿಗೆ ತಕ್ಕಂತೆ ಇಡದೆ ಹೋದರೆ ಎಚ್ಚರಿಕೆಗೆ ಅರ್ಥವಿಲ್ಲ.

ಕ್ಯಾನ್ ಬಸ್‌ನಿಂದ ಅವರ್ ಮೀಟರ್ ಓದೋಕೆ ಹೋದ್ರೆ ಏನೂ ಬರ್ತಿಲ್ಲ. ಆರ್‌ಪಿಎಂ ಮಾತ್ರ ಬರುತ್ತೆ.

ಕ್ಯಾನ್ ಬಸ್ ಎಂದರೆ ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಎರಡು ತಂತಿ. ಅದರ ಮೇಲೆ ದೊಡ್ಡ ಯಂತ್ರಗಳು ಬಳಸುವ ಭಾಷೆ ಜೆ1939, ಅದರ ಪ್ರತಿ ಸಂದೇಶದ ಸಂಖ್ಯೆ ಪಿಜಿಎನ್. ಜೆ1939ರಲ್ಲಿ ಆರ್‌ಪಿಎಂ, ಪಿಜಿಎನ್ 61444, ತಾನಾಗಿ ಹರಿದುಬರುತ್ತದೆ. ಎಂಜಿನ್ ಗಂಟೆ, ಪಿಜಿಎನ್ 65253, ಕೇಳಿದರೆ ಮಾತ್ರ ಉತ್ತರ ಬರುವಂಥದ್ದು. ಅದಕ್ಕೆ ಪಿಜಿಎನ್ 59904ರ ಮೂಲಕ ವಿನಂತಿ ಕಳಿಸಬೇಕು. ಕೇಳುವುದಷ್ಟೇ ಗೊತ್ತಿರುವ ಸಾಧನಕ್ಕೆ ಅದು ಸಿಗದು. ವಾರಂಟಿಯಲ್ಲಿರುವ ಗಾಡಿಯ ತಂತಿಗೆ ಸಂದೇಶ ಕಳಿಸುವ ಮುಂಚೆ ಡೀಲರರ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಆರ್‌ಪಿಎಂ ಇದ್ದ ಹೊತ್ತನ್ನು ನೀವೇ ಕೂಡಿಸಿ, ವಾರಕ್ಕೊಮ್ಮೆ ಮೀಟರ್ ಫೋಟೋದೊಂದಿಗೆ ಸರಿಹೊಂದಿಸಿ.

ಬಂದ ಮೇಲೆ ಬಿಚ್ಚುವಾಗಲೂ ಎಡವುವುದುಂಟು. ಎಂಜಿನ್ ಗಂಟೆ ನಾಲ್ಕು ಬೈಟ್, ಕಡಿಮೆ ಮೌಲ್ಯದ ಬೈಟ್ ಮೊದಲು, ಒಂದು ಬಿಟ್‌ಗೆ 0.05 ಗಂಟೆ. ಎಲ್ಲ ಬೈಟೂ ಎಫ್‌ಎಫ್ ಆಗಿದ್ದರೆ ‘ಮಾಹಿತಿ ಇಲ್ಲ’ ಎಂದರ್ಥ. ಅದನ್ನು ಸಂಖ್ಯೆ ಎಂದು ಓದಿದರೆ 21,47,48,364.75 ಗಂಟೆ ಬರುತ್ತದೆ, ಮರುಕ್ಷಣವೇ ಎಲ್ಲ ಸರ್ವಿಸ್ ಬಾಕಿ ಎಂದು ಕೆಂಪು ದೀಪ ಹತ್ತುತ್ತದೆ. ಸಿಗ್ನಲ್ಲೇ ಇಲ್ಲದಿದ್ದರೆ ಎಲ್ಲ ಪವರ್ ಆಫ್ ಮಾಡಿ ಎರಡು ತಂತಿಗಳ ನಡುವೆ ಅಳೆಯಿರಿ. 60 ಓಮ್ ಇರಬೇಕು, 120 ಬಂದರೆ ಒಂದು ಕಡೆಯ ರೆಸಿಸ್ಟರ್ ಇಲ್ಲ. ವೇಗವನ್ನೂ ನೋಡಿ: ಹಳೆಯವು ಸೆಕೆಂಡಿಗೆ 250 ಕಿಲೋಬಿಟ್, ಹೊಸ ಕೆಲವು 500.

ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಇದು ಯಾವುದೂ ಇರುವುದಿಲ್ಲ. ಚಕ್ರದ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಸಿಇವಿ 4ನೇ ಹಂತದ ಹೊಗೆ ನಿಯಮ ಬಂದ ಮೇಲೆ ಎಲೆಕ್ಟ್ರಾನಿಕ್ ಎಂಜಿನ್ ಸಾಮಾನ್ಯವಾಗಿದೆ.

ಬೇರೆ ಬೇರೆ ಕಂಪನಿ ಗಾಡಿ ಇದಾವೆ, ಒಂದೊಂದಕ್ಕೂ ಒಂದೊಂದು ಆ್ಯಪ್. ಒಟ್ಟಿಗೆ ನೋಡೋಕಾಗಲ್ವಾ?

ಅದಕ್ಕೆಂದೇ ಐಎಸ್‌ಒ 15143-3 ಎಂಬ ಮಾನದಂಡವಿದೆ. ಸ್ಥಳ, ಒಟ್ಟು ಗಂಟೆ, ಖಾಲಿ ಓಡಿದ ಗಂಟೆ, ಬಳಸಿದ ಇಂಧನ ಇವನ್ನೆಲ್ಲ ಒಂದೇ ರೂಪದಲ್ಲಿ ತಯಾರಕರ ಸರ್ವರಿನಿಂದ ನಿಮ್ಮ ಸರ್ವರಿಗೆ ತರುತ್ತದೆ. ಖರೀದಿಯ ಹೊತ್ತಿನಲ್ಲೇ ‘ಈ ಎಪಿಐ (ಸರ್ವರಿನಿಂದ ಸರ್ವರಿಗೆ ಮಾಹಿತಿ ತರುವ ದಾರಿ) ಕೊಡುತ್ತೀರಾ, ಎಷ್ಟು ವರ್ಷ ಉಚಿತ’ ಎಂದು ಬರವಣಿಗೆಯಲ್ಲಿ ಪಡೆಯಿರಿ. ಗಾಡಿ ಮನೆಗೆ ಬಂದ ಮೇಲೆ ಕೇಳಿದರೆ ಸಿಗುವುದು ನಿಧಾನ.

## ಇನ್ನೂ ಆಳಕ್ಕೆ

ಘಾಟಿ ರಸ್ತೆ ಕೆಲಸದಲ್ಲಿ ರೋಲರ್ ಯಾವ ಚೈನೇಜ್‌ನಲ್ಲಿದೆ ಅನ್ನೋದು ಆಗಾಗ ಹಾರುತ್ತೆ. ಜಿಪಿಎಸ್ ಕೆಟ್ಟಿದ್ಯಾ?

ಕೆಟ್ಟಿಲ್ಲ. ಹೇರ್‌ಪಿನ್ ತಿರುವಿನ ಎರಡು ತೋಳುಗಳು ನಕ್ಷೆಯಲ್ಲಿ 25 ಮೀಟರ್ ಅಂತರದಲ್ಲಿರುತ್ತವೆ, ಚೈನೇಜ್ ಲೆಕ್ಕದಲ್ಲಿ, ಅಂದರೆ ರಸ್ತೆಯ ಉದ್ದಕ್ಕೆ ಅಳೆದ ದೂರದಲ್ಲಿ, ನಡುವೆ 400 ಮೀಟರ್ ಇರುತ್ತದೆ. ಮರದ ನೆರಳಲ್ಲಿ, ಕಡಿದ ಗುಡ್ಡದ ಗೋಡೆಯ ಪಕ್ಕದಲ್ಲಿ ಜಿಪಿಎಸ್ 10–15 ಮೀಟರ್ ತಪ್ಪುವುದು ಸಹಜ. ‘ಹತ್ತಿರದ ಬಿಂದು’ ಎಂದು ಹುಡುಕುವ ಕೋಡ್ ಒಮ್ಮೆ ಮೇಲಿನ ತೋಳಿಗೆ, ಒಮ್ಮೆ ಕೆಳಗಿನದಕ್ಕೆ ಜಿಗಿಯುತ್ತದೆ. ಎತ್ತರ ನೋಡಿ ಬಗೆಹರಿಸೋಣ ಎಂದರೆ ಜಿಪಿಎಸ್‌ನ ಎತ್ತರದ ದೋಷ ಅಡ್ಡದ್ದಕ್ಕಿಂತ ದೊಡ್ಡದು.

ಹಿಂದಿನ ಜಾಗವನ್ನು ನೆನಪಿಟ್ಟುಕೊಳ್ಳುವುದೇ ದಾರಿ. ಗಂಟೆಗೆ 20 ಕಿ.ಮೀ. ವೇಗದ ಗಾಡಿ 30 ಸೆಕೆಂಡಿನಲ್ಲಿ 167 ಮೀಟರ್ ಹೋಗಬಲ್ಲದು, 400 ಹೋಗಲಾರದು. ಅದಕ್ಕಿಂತ ದೂರದ ಬಿಂದುವನ್ನು ತಿರಸ್ಕರಿಸಿ. ಇಡೀ ದಿನದ ಜಾಡನ್ನು ಸಂಜೆ ಒಟ್ಟಿಗೆ ಹೊಂದಿಸುವುದಾದರೆ ಇಡೀ ಜಾಡಿಗೆ ಹೆಚ್ಚು ಹೊಂದುವ ದಾರಿ ಆರಿಸುವ ವಿಟರ್ಬಿ ವಿಧಾನ ಇನ್ನೂ ಚೊಕ್ಕ. ರಸ್ತೆ ಕಾಮಗಾರಿಯಲ್ಲಿ ನಕ್ಷೆಯ ಮೇಲೆ ವೃತ್ತಾಕಾರದ ಗಡಿ (ಜಿಯೋಫೆನ್ಸ್) ಹಾಕುವುದು ಬಿಟ್ಟು ಮಧ್ಯರೇಖೆ ಮತ್ತು ಚೈನೇಜಿನಲ್ಲೇ ಯೋಚಿಸಿ. ಎಂಜಿನಿಯರ್ ಬಿಲ್ಲು ಬರೆಯುವುದೂ ಅದರಲ್ಲೇ.

ಟಿಪ್ಪರ್ ಟ್ರಿಪ್ ತಾನಾಗೇ ಎಣಿಸೋಕೆ ಹೋಗಿ ಇಪ್ಪತ್ತರ ಕಡೆ ಮೂವತ್ತು ಬರ್ತಿದೆ.

ಸರತಿಯಲ್ಲಿ ನಿಂತ ಟಿಪ್ಪರ್, ಜಾಗ ಗುರುತಿಸಲು ನಕ್ಷೆಯಲ್ಲಿ ಹಾಕಿದ ವೃತ್ತದ ಗೆರೆಯ ಮೇಲೆ ಹಿಂದೆ ಮುಂದೆ ಆಡುತ್ತಿದೆ. ಒಳಬರಲು 60 ಮೀಟರ್, ಹೊರಹೋಗಲು 90 ಮೀಟರ್ ಎಂದು ಎರಡು ಗೆರೆ ಇಡಿ. ತುಂಬುವ ಜಾಗದಲ್ಲಿ ಕನಿಷ್ಠ ಎರಡು ನಿಮಿಷ ನಿಂತು, ಆಮೇಲೆ ಸುರಿಯುವ ಜಾಗಕ್ಕೆ ಹೋದರೆ ಮಾತ್ರ ಒಂದು ಟ್ರಿಪ್. ತೊಟ್ಟಿ ಎತ್ತುವ ಪಿಟಿಒ ಸಿಗ್ನಲ್ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ.

ಟ್ರಿಪ್ಪಿನಿಂದ ಮಣ್ಣಿನ ಘನ ಅಳತೆಗೆ ಹೋಗುವಾಗ ಯಾವ ಅಳತೆ ಎಂದು ಹೇಳದೆ ಸಂಖ್ಯೆ ತೋರಿಸಬೇಡಿ. ಸಾಧಾರಣ ಮಣ್ಣು ಅಗೆದಾಗ ಸುಮಾರು ಕಾಲುಪಾಲು ಉಬ್ಬುತ್ತದೆ, ರೋಲರ್ ಓಡಿಸಿದಾಗ ಮೂಲಕ್ಕಿಂತಲೂ ಕುಗ್ಗುತ್ತದೆ. 10 ಘನ ಮೀಟರ್ ತುಂಬಿದ ಟಿಪ್ಪರ್ ಎಂದರೆ ಗುಡ್ಡದಲ್ಲಿ ಸುಮಾರು 8, ಏರಿಯಲ್ಲಿ ದಮ್ಮಸ್ಸು ಮಾಡಿದ ಮೇಲೆ ಸುಮಾರು 7.2. ಟಿಪ್ಪರ್ ಮಾಲೀಕ ಕೇಳುವುದು ಮೊದಲನೆಯದನ್ನು, ಇಲಾಖೆ ಅಳೆಯುವುದು ಕೊನೆಯದನ್ನು.

ಖಾಲಿ ಓಡೋ ಹೊತ್ತು ಹೆಚ್ಚಿದೆ ಅಂತ ವರದಿ ಬರುತ್ತೆ. ಆಪರೇಟರ್‌ಗೆ ದಂಡ ಹಾಕಬಹುದಾ?

ಮೊದಲು ಯಾರಿಗಾಗಿ ಕಾಯುತ್ತಿದ್ದ ಎಂದು ನೋಡಿ. ಅದೇ ಹೊತ್ತಿನಲ್ಲಿ ಆ ಸೈಟಿನ ಟಿಪ್ಪರ್‌ಗಳೆಲ್ಲ ದಾರಿಯಲ್ಲಿದ್ದರೆ ಅದು ಟಿಪ್ಪರ್ ಕೊರತೆ, ಆಪರೇಟರನ ತಪ್ಪಲ್ಲ. ವರದಿಯಲ್ಲೇ ಎರಡನ್ನೂ ಪಕ್ಕಪಕ್ಕ ಇಡಿ. ಟರ್ಬೊ ತಣಿಯಲು ಬಿಡುವ ಮೂರರಿಂದ ಐದು ನಿಮಿಷವನ್ನು ಎಣಿಸಲೇಬೇಡಿ. ಉಳಿದದ್ದಕ್ಕೆ ಹಣದ ಲೆಕ್ಕ ತೋರಿಸಿ: ಖಾಲಿ ಓಟಕ್ಕೆ ಗಂಟೆಗೆ 3 ಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ ಎರಡು ಗಂಟೆಯಂತೆ 25 ದಿನಕ್ಕೆ 150 ಲೀಟರ್.

ಬಾಡಿಗೆ ಕೊಡದವರ ಸೈಟಲ್ಲಿ ಮೊಬೈಲ್‌ನಿಂದಲೇ ಎಂಜಿನ್ ಆಫ್ ಮಾಡೋ ಹಾಗೆ ಮಾಡಬಹುದಾ?

ಓಡುತ್ತಿರುವ ಎಂಜಿನನ್ನು ದೂರದಿಂದ ನಿಲ್ಲಿಸುವ ಗುಂಡಿ ಯಾವ ಕಾರಣಕ್ಕೂ ಇರಬಾರದು. ಇಳಿಜಾರಿನ ಮೇಲಿನ ಜೆಸಿಬಿಗೆ ಸ್ಟೀರಿಂಗ್ ಬಲವೇ ಹೋಗುತ್ತದೆ, ಕೆಳಗೆ ಜನರಿರುತ್ತಾರೆ. ಅಷ್ಟೂ ಬೇಕೆಂದರೆ, ಆರಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗದಂತೆ ಸ್ಟಾರ್ಟರ್ ರಿಲೇ ಮಾತ್ರ ತಡೆಯಿರಿ. ಸಾಧನ ಕೆಟ್ಟರೆ ಗಾಡಿ ಸ್ಟಾರ್ಟ್ ಆಗುವಂಥ ರಿಲೇ ಜೋಡಣೆಯೇ ಇರಬೇಕು. ಸೈಟಿನಲ್ಲೇ ತೆರೆಯುವ ತುರ್ತು ಕೀ ಒಂದಿರಲಿ. ಗುಡ್ಡ ಕುಸಿದ ರಾತ್ರಿ ಅಲ್ಲಿರುವ ಒಂದೇ ಹಿಟಾಚಿ ಬೀಗ ಹಾಕಿಕೊಂಡು ನಿಲ್ಲುವ ಹಾಗಾಗಬಾರದು.

ಇಪ್ಪತ್ತು ಗಾಡಿ, ನಿಮಿಷಕ್ಕೊಂದು ರೆಕಾರ್ಡ್. ಎಷ್ಟು ದೊಡ್ಡ ಸರ್ವರ್ ಬೇಕು?

ಚಿಕ್ಕದೇ ಸಾಕು. ದಿನಕ್ಕೆ ಹತ್ತು ಗಂಟೆ, ಅಂದರೆ ಗಾಡಿಗೆ 600 ರೆಕಾರ್ಡ್, ಇಪ್ಪತ್ತಕ್ಕೆ 12,000, ವರ್ಷದ 300 ದಿನಕ್ಕೆ 36 ಲಕ್ಷ ಸಾಲು. ಮಾಮೂಲಿ ಪೋಸ್ಟ್‌ಗ್ರೆಸ್‌ಗೆ ಇದು ಭಾರವಲ್ಲ. ತಿಂಗಳಿಗೊಂದರಂತೆ ಟೇಬಲ್ ಭಾಗ ಮಾಡಿ, ಗಂಟೆವಾರು ಸಾರಾಂಶ ಶಾಶ್ವತವಾಗಿ ಇಟ್ಟು, ಕಚ್ಚಾ ರೆಕಾರ್ಡನ್ನು ಬಿಲ್ಲು ಚುಕ್ತಾ ಆದ ಮೇಲೆ ತೆಗೆಯಬಹುದು. ಸಾಧನದ ಒಳಗಿನ ಜಾಗವನ್ನೂ ಲೆಕ್ಕ ಹಾಕಿ: 40 ಬೈಟಿನಂತೆ ದಿನಕ್ಕೆ 24 ಕೆಬಿ, ತಿಂಗಳು ಸಿಗ್ನಲ್ ಇಲ್ಲದಿದ್ದರೂ 720 ಕೆಬಿ.

ಅದಕ್ಕಿಂತ ಬ್ಯಾಕಪ್ ಕಡೆ ಗಮನ ಕೊಡಿ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ನಿಜವಾಗಿ ಬಿಚ್ಚಿ, ಒಂದು ಗಾಡಿಯ ಒಂದು ತಿಂಗಳ ಬಿಲ್ಲು ತೆಗೆದು ಹಳೆಯದರೊಂದಿಗೆ ಹೋಲಿಸಿ ನೋಡಿ.

ಆಪರೇಟರ್ ಫೋನಿನ ಲೊಕೇಶನ್ ದಿನಪೂರ್ತಿ ತಗೊಂಡ್ರೆ ತಪ್ಪಾ?

ತಪ್ಪು. ನಿಮಗೆ ಬೇಕಿರುವುದು ಯಂತ್ರದ ಜಾಗ, ಅದಕ್ಕೆ ಯಂತ್ರದಲ್ಲೇ ಸಾಧನವಿದೆ. ಫೋನಿನಿಂದ ಎಂಟ್ರಿ ಹೊಡೆದ ಕ್ಷಣದ ಸ್ಥಳ ಸಾಕು. ಪಾಳಿ ಮುಗಿದ ಮೇಲೆ ಅವನು ಎಲ್ಲಿಗೆ ಹೋದ ಎಂಬುದು ಯಾವ ಬಿಲ್ಲಿಗೂ ಸೇರದ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಯಾವ ಉದ್ದೇಶಕ್ಕೆ ಎಂದು ತಿಳಿಸಿ, ಅಷ್ಟಕ್ಕೆ ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳಬೇಕೆನ್ನುತ್ತದೆ. ಏನು ಸಂಗ್ರಹಿಸುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ ಎಂಬುದನ್ನು ಅವರ ಭಾಷೆಯಲ್ಲೇ ಒಂದು ಪರದೆಯಷ್ಟು ಬರೆದು, ಓದಲು ಬಾರದವರಿಗೆ ಧ್ವನಿಯಲ್ಲಿ ಕೇಳಿಸಿ.

ಕಾಗದದ ಲಾಗ್ ಬುಕ್ ಯಾವಾಗ ನಿಲ್ಲಿಸಬಹುದು?

ಮೂರು ಗಾಡಿಯಿಂದ ಶುರುಮಾಡಿ: ಒಂದು ಹೊಸದು, ಒಂದು ಹಳೆಯದು, ಒಂದು ಬಾಡಿಗೆಯದು. ಪುಸ್ತಕ, ಆ್ಯಪ್ ಎರಡೂ ಕನಿಷ್ಠ ಎರಡು ಪೂರ್ತಿ ಬಿಲ್ಲಿನ ತಿಂಗಳು ಜೊತೆಯಾಗಿ ನಡೆಯಲಿ. ವ್ಯತ್ಯಾಸ ಬಂದ ಪ್ರತಿ ದಿನವನ್ನೂ ಮೀಟರ್ ಫೋಟೋ ತೆರೆದು ನೋಡಿ, ತಪ್ಪಿದ್ದು ಕೈಯೋ ಕೋಡೋ ಎಂದು ಬರೆಯಿರಿ. ವ್ಯತ್ಯಾಸವಿಲ್ಲದೆ ಎರಡು ಬಿಲ್ಲು ಹೋದ ಗಾಡಿಗೆ ಪುಸ್ತಕ ನಿಲ್ಲಿಸಬಹುದು. ನವೆಂಬರ್, ಡಿಸೆಂಬರಿನಲ್ಲಿ ಮಣ್ಣಿನ ಕೆಲಸ ಜೋರಾಗುವ ಮುಂಚೆ ಇದು ಮುಗಿದಿರಬೇಕೆಂದರೆ ಸೆಪ್ಟೆಂಬರಿನಲ್ಲೇ ಶುರು ಮಾಡಿ. ಆಮೇಲೂ ಪ್ರತಿ ಕ್ಯಾಬಿನ್‌ನಲ್ಲಿ ಒಂದು ಖಾಲಿ ಪುಸ್ತಕ, ಒಂದು ಪೆನ್ನು ಇರಲಿ. ಫೋನ್ ನೀರಿಗೆ ಬಿದ್ದ ದಿನ ಅದರಲ್ಲಿ ಬರೆದು ಮರುದಿನ ‘ಕಾಗದದಿಂದ’ ಎಂಬ ಗುರುತಿನೊಂದಿಗೆ ಸೇರಿಸಿದರಾಯಿತು.